ಅಕ್ಕನ ಬಾಯಿಗೆ ಹಾಕಿದ ಕತ್ತರಿ

ನಮ್ಮ ಆಫೀಸಿನಲ್ಲಿ ಅವನಿಗೆ ಕತ್ತರಿ ಎಂದು ಹೆಸರಿಟ್ಟವಳು ನಾನೇ. ನನಗೆ ಅವರೆಲ್ಲ ಸೇರಿ ಮೆಣಸಿನಕಾಯಿ ಎಂದು ಇಟ್ಟಿದ್ದರು, ಅಲ್ಲಿಂದಲ್ಲಿಗೆ ಸರಿಹೋಯಿತು. ಕತ್ತರಿಯ ಕೆಲಸ ಮೊಬೈಲ್ ಆ್ಯಪ್‌ಗಳ ಗಾತ್ರ ಇಳಿಸುವುದು. ಉಳಿದವರು ಕಟ್ಟುತ್ತಿದ್ದರು, ಇವನು ಕೀಳುತ್ತಿದ್ದ. ಯಾರೂ ತೆರೆಯದ ಪುಟ, ಎರಡೆರಡು ಸಲ ಸೇರಿಕೊಂಡ ಫಾಂಟು, ಉಗುರಿನಷ್ಟು ಜಾಗಕ್ಕೆ ಗೋಡೆಯಷ್ಟು ದೊಡ್ಡ ಚಿತ್ರ, ಇಂಥದ್ದು ಅವನ ಕಣ್ಣಿಗೆ ಬಿತ್ತೋ ಮುಗಿಯಿತು. ಮಾತಿನಲ್ಲೂ ಅದೇ ಜಿಪುಣತನ. ಹೊಸ ಅಂಗಿ ಕೊಂಡರೆ ಕತ್ತಿನ ಹಿಂದಿನ ಚೀಟಿಯನ್ನು ಕಿತ್ತೇ ಹಾಕಿಕೊಳ್ಳುವನು. ಯಾಕಪ್ಪಾ ಎಂದರೆ, “ಉಪಯೋಗ ಇಲ್ಲ” ಎನ್ನುವನು. ಅವನ ಪಕ್ಕದ ಮೇಜು ನನ್ನದು. ಅವನು ಕತ್ತರಿಸಿದ್ದರಲ್ಲಿ ಹುಳುಕು ಹುಡುಕುವುದು ನನ್ನ ಹೊಟ್ಟೆಪಾಡು.

ಹೀಗೆ ಮಾತಿಗೆ ಬರ ಬಂದವನನ್ನು ಬೆಳೆಸಿದವಳು ಮಾತಿನ ಮಳೆ ಸುರಿಸುವ ಅಕ್ಕ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಅಕ್ಕ ಮದುವೆ ಗಿದುವೆ ಎನ್ನದೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಹಿಡಿದಳು, ತಮ್ಮನನ್ನು ಓದಿಸಿದಳು. ಅವಳ ಬಾಯಿ ಎಂಥದ್ದೆಂದರೆ, ಮುಂದಿನ ಬಾಗಿಲಲ್ಲಿ ಜೋತಾಡುವವನನ್ನು ಹಿಂದಿನ ಬಾಗಿಲಿಂದಲೇ ಬೈದು ಒಳಗೆ ಎಳೆಯುತ್ತಿದ್ದಳಂತೆ. ಗದ್ದಲದಲ್ಲಿ ಡ್ರೈವರಿಗೆ ಕೂಗು ಕೇಳದಿದ್ದರೆ ಬಸ್ಸಿನ ತಗಡು ಬಡಿಯುವಳು. ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೊರಡು. ಶಾಲೆ ಬಿಟ್ಟ ಮೇಲೆ ಕತ್ತರಿ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಮಾಡಿದವನು, ಅಲ್ಲೇ ನಿದ್ದೆ ಹೋದವನು. ಮನೆಯಲ್ಲೂ ಅಕ್ಕನದು ಅದೇ ಅಭ್ಯಾಸ. ಅವನು ತಟ್ಟೆ ಬಿಟ್ಟು ಏಳಹೊರಟರೆ ಮೇಜಿಗೆ ಒಂದೇಟು, ಊಟ ಮುಗಿದರೆ ಎರಡು.

ಅಂಥ ಬಾಯಿ ಒಂದು ಬೆಳಿಗ್ಗೆ ನಿಂತುಹೋಯಿತು. ಸ್ಟ್ರೋಕ್. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಕಿವಿ ನೆಟ್ಟಗಿತ್ತು, ಬುದ್ಧಿ ನೆಟ್ಟಗಿತ್ತು, ನಾಲಿಗೆ ಮಾತ್ರ “ಬಾ ಬಾ” ಎಂಬುದರಾಚೆಗೆ ಹೊರಳಲಿಲ್ಲ. ಆಗ ನಮ್ಮ ಆಫೀಸಿನಲ್ಲಿ ಮಾತು ಹೋದವರಿಗೆಂದು ಆ್ಯಪ್ ಕಟ್ಟುವ ಕೆಲಸ ಶುರುವಾಗಿತ್ತು. ಪರದೆಯ ಮೇಲೆ ಪದಗಳು, ಪಕ್ಕದಲ್ಲಿ ಚಿತ್ರಗಳು. ಎರಡು ಮೂರು ಪದ ಒತ್ತಿದರೆ ಒಳಗಿರುವ ಭಾಷಾ ಮಾಡೆಲ್ ಅವನ್ನು ಪೂರ್ತಿ ವಾಕ್ಯ ಮಾಡಿ ಜೋರಾಗಿ ಹೇಳುತ್ತದೆ. ಮೊದಲು ಬಳಸಿದವಳು ಅಕ್ಕ. ಕತ್ತರಿ ದಿನಾ ಸಂಜೆ ಅವಳ ಪಕ್ಕ ಕೂತು, ಅವಳು ಯಾವ ಪದ ಒತ್ತಿದಾಗ ಏನು ಹೇಳಬೇಕೆಂದಿದ್ದಳು ಎಂದು ಕೇಳಿ ಕೇಳಿ, ಅವಳು ಹೌದೆಂದು ತಲೆಯಾಡಿಸಿದ್ದನ್ನು ಮಾಡೆಲ್‌ಗೆ ಕಲಿಸಿದ. ಆಗ ಅವನಿಗೆ ಅಕ್ಕ ಎಂದರೆ ಪ್ರಾಣ. ಅದನ್ನು ಇಲ್ಲ ಎಂದರೆ ನನ್ನ ನಾಲಿಗೆ ಸೇದಿಹೋದೀತು.

ಹಾಗೆ ಕಲಿತ ಮೇಲಿನ ಮೊದಲ ದಿನ ಅಕ್ಕ ಒತ್ತಿದ್ದು ಮೂರು ಪದ: ಸಾರು, ಉಪ್ಪು, ಕೋಪ. ಫೋನು ಕಂಠ ಎತ್ತಿ, “ಈ ಸಾರಿಗೆ ಉಪ್ಪು ಹಾಕಿದ್ದಾ ಇಲ್ಲಾ ಸಮುದ್ರನೇ ಸುರಿದಿದ್ದಾ?” ಎಂದಿತು. ಕತ್ತರಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡ. ಸಾರು ಮಾಡಿದ ಅವನ ಹೆಂಡತಿ ನಗಲಿಲ್ಲ. ಅವಳನ್ನು ದೂರುವುದೂ ತಪ್ಪು. ಮೂಕಿ ಎಂದುಕೊಂಡಿದ್ದ ಗಂಡನ ಅಕ್ಕನಿಗೆ ರಾತ್ರೋರಾತ್ರಿ ಬಾಯಿ ಬಂದು, ಅದು ತನ್ನ ಅಡುಗೆಯ ಮೇಲೇ ಬಿದ್ದರೆ ಯಾರಿಗೆ ತಾನೆ ಹಿತವಾದೀತು.

ಆ್ಯಪ್ ಚೆನ್ನಾಗಿತ್ತು, ಒಂದೇ ತೊಂದರೆ: ಆನೆ ಗಾತ್ರ. ಮಾಡೆಲ್ ಎಂದರೆ ಅಂಕಿಗಳ ದೊಡ್ಡ ರಾಶಿ. ಲಕ್ಷಾಂತರ ವಾಕ್ಯ ಓದಿಸಿ ಹದ ಮಾಡಿದ ಅಂಕಿಗಳು. ಅದನ್ನು ದೂರದ ಕಂಪ್ಯೂಟರಿನಲ್ಲಿಟ್ಟು ನೆಟ್ ಮೂಲಕ ಮಾತಾಡಿಸಬಹುದಿತ್ತು. ಆದರೆ ಬಾಯಿ ಹೋದವಳಿಗೆ, ಇವತ್ತು ಸಿಗ್ನಲ್ ಇಲ್ಲ, ಸುಮ್ಮನೆ ಕೂತಿರು ಎನ್ನಲಾದೀತೇ? ಹಾಗಾಗಿ ಇಡೀ ರಾಶಿಯನ್ನು ಫೋನಿನೊಳಗೇ ತುಂಬಿದ್ದೆವು. ಒಳ್ಳೆಯ ಫೋನಿದ್ದವರಿಗೆ ಸರಿ, ಸಾಧಾರಣ ಫೋನುಗಳು ಇದನ್ನು ಹಾಕಿಕೊಂಡ ತಕ್ಷಣ ಏದುಸಿರು ಬಿಡುತ್ತಿದ್ದವು.

ಅಷ್ಟರಲ್ಲಿ ಕೊಳ್ಳುವವರು ಬಂದರು. ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಕೇಂದ್ರಗಳ ದೊಡ್ಡ ಸಂಸ್ಥೆ. ಮಾತು ಬಾರದ ಪ್ರತಿಯೊಬ್ಬರಿಗೂ ಒಂದು ಅಗ್ಗದ ಫೋನು, ಅದರಲ್ಲಿ ನಮ್ಮ ಆ್ಯಪ್. ಷರತ್ತು ಎರಡು. ಆ ಫೋನಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಬೇಕು. ಜೊತೆಗೆ, ಬೈಗುಳ ಇರಬಾರದು. ಮ್ಯಾನೇಜರ್ ಕುಣಿದಾಡಿಬಿಟ್ಟ. “ಕತ್ತರಿ, ಇದು ನಿನ್ನ ಕೈಲಿದೆ ಕಣಪ್ಪ. ಆಯ್ತು ಅಂದ್ರೆ ನಾವೆಲ್ಲ ಉಳ್ಕೊಂಡ್ವಿ, ಇಲ್ಲಾಂದ್ರೆ ಬಾಗಿಲು ಹಾಕೋದೇ.”

ಕತ್ತರಿ ಮೊದಲ ಸುತ್ತಿನಲ್ಲಿ ಅಂಕಿಗಳ ಬಾಲ ಕತ್ತರಿಸಿದ. ಉದ್ದುದ್ದ ದಶಾಂಶಗಳನ್ನು ಹತ್ತಿರದ ಪುಟ್ಟ ಅಂಕಿಗೆ ಇಳಿಸಿದ. ರಾಶಿ ಕಾಲು ಭಾಗಕ್ಕೆ ಬಂತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾದ ಕೆಲಸ, ಮಾತು ಚೂರೂ ಕೆಡಲಿಲ್ಲ. ನಾನೇ ಶಹಬಾಸ್ ಎಂದೆ. ಆದರೂ ಆ ಅಗ್ಗದ ಫೋನಿಗೆ ಅದು ಹೆಚ್ಚೇ. ಇನ್ನು ಉಳಿದದ್ದು ಒಂದೇ ದಾರಿ, ಮಾಡೆಲ್‌ನ ಭಾಗಗಳನ್ನೇ ಕಿತ್ತು ಎಸೆಯುವುದು. ಯಾವುದನ್ನು ಕೀಳುವುದು? ಅದಕ್ಕೊಂದು ಪದ್ಧತಿ ಇದೆ. ಒಂದಷ್ಟು ವಾಕ್ಯಗಳನ್ನು ಮಾಡೆಲ್‌ಗೆ ಉಣಿಸಿ, ಒಳಗೆ ಯಾವ ಭಾಗ ಮಿಸುಕಾಡುತ್ತದೆ, ಯಾವುದು ಸುಮ್ಮನೆ ಬಿದ್ದಿರುತ್ತದೆ ಎಂದು ನೋಡಬೇಕು. ಬಿದ್ದಿರುವುದನ್ನು ಕೀಳಬೇಕು. ಅಂದರೆ ನೀವು ಯಾರ ವಾಕ್ಯ ಉಣಿಸುತ್ತೀರೋ ಅವರ ಮಾತು ಉಳಿಯುತ್ತದೆ, ಮಿಕ್ಕವರದು ಸಾಯುತ್ತದೆ.

ಅಕ್ಕನ ವಾಕ್ಯಗಳು ನಮ್ಮ ಹತ್ತಿರ ರಾಶಿ ಬಿದ್ದಿದ್ದವು. ಮ್ಯಾನೇಜರ್ ಅವನ್ನು ಪಕ್ಕಕ್ಕಿಟ್ಟು, ಸಂಸ್ಥೆಯವರೇ ಬರೆಸಿ ಕಳಿಸಿದ್ದ ವಾಕ್ಯಗಳನ್ನು ಕೊಟ್ಟ. ‘ದಯವಿಟ್ಟು ನೀರು ಕೊಡಿ.’ ‘ಊಟ ರುಚಿಯಾಗಿದೆ.’ ‘ಸ್ವಲ್ಪ ನೋವಿದೆ, ಪರವಾಗಿಲ್ಲ.’ ‘ಸದ್ಯಕ್ಕೆ ಏನೂ ಬೇಡ, ಧನ್ಯವಾದ.’ ಆಹಾ, ಎಂಥ ರೋಗಿಗಳು! ಹಾಸಿಗೆ ಒದ್ದೆಯಾಗಿದ್ದರೂ ವಂದನಾರ್ಪಣೆ ಮಾಡುವವರು. ಕತ್ತರಿ ಅವನ್ನೇ ಉಣಿಸಿದ. ಮಿಸುಕದ ಭಾಗಗಳನ್ನೆಲ್ಲ ಕಿತ್ತ. ಫೋನಿನಲ್ಲಿ ಆ್ಯಪ್ ಜಾಗಕ್ಕೆ ಸರಿಯಾಗಿ ಕೂತಿತು. ಆಫೀಸಿನಲ್ಲಿ ಕೇಕ್ ಬಂತು.

ಕೇಕ್ ತಿನ್ನುತ್ತಲೇ ನಾನು ಆ ಫೋನಿನಲ್ಲಿ ನೋವು, ಬೇಡ, ಸುಳ್ಳು ಎಂದು ಒತ್ತಿದೆ. “ಸ್ವಲ್ಪ ನೋವಿದೆ, ಪರವಾಗಿಲ್ಲ. ಧನ್ಯವಾದ,” ಎಂದಿತು. ಸಾಯ್ತೀನಿ ಎಂದು ಬರುವಂತೆ ಒತ್ತಿದೆ. “ಸ್ವಲ್ಪ ವಿಶ್ರಾಂತಿ ಬೇಕು, ಧನ್ಯವಾದ.”

“ಏನಯ್ಯಾ ಕತ್ತರಿ, ಬೈಗುಳ ಕೀಳು ಅಂದ್ರೆ ಬೆನ್ನುಮೂಳೇನೇ ಕಿತ್ತಿದ್ದೀಯಲ್ಲೋ! ನೆಗಡಿ ಬಂತು ಅಂತ ಮೂಗೇ ಕುಯ್ಕೊಂಡ ಹಾಗಾಯ್ತು.”

“ಪರೀಕ್ಷೇಲಿ ಪಾಸಾಗಿದೆ.”

“ಯಾವ ವಾಕ್ಯ ಕೊಟ್ಟು ಪರೀಕ್ಷೆ ಮಾಡ್ದೆ?”

“ಅವ್ರು ಕೊಟ್ಟಿದ್ದೇ.”

“ಯಾವ ವಾಕ್ಯದಿಂದ ಕತ್ತರಿಸಿದ್ಯೋ ಅದ್ರಿಂದಲೇ ಪರೀಕ್ಷೆ! ಪ್ರಶ್ನೆಪತ್ರಿಕೆ ಮನೆಗೆ ಕಳಿಸಿ ಪರೀಕ್ಷೆ ಬರೆಸಿದ್ರೆ ಕತ್ತೇನೂ ಪಾಸಾಗುತ್ತೆ. ಇದ್ರಲ್ಲಿ ಯಾರೂ ಯಾವುದನ್ನೂ ಒಲ್ಲೆ ಅನ್ನೋ ಹಾಗೇ ಇಲ್ವಲ್ಲೋ. ನಿನ್ನ ಅಕ್ಕ ಇದ್ರಲ್ಲಿ ಏನು ಮಾತಾಡ್ತಾಳೆ?”

ಅವನು ಆ ಪದಗಳನ್ನು ತಾನೂ ಒಂದು ಸಲ ಒತ್ತಿ ನೋಡಿದ. ಮುಖ ಸಣ್ಣದಾಯಿತು. “ಅಕ್ಕನ ಫೋನಲ್ಲಿ ಹಳೇದೇ ಇರುತ್ತೆ. ಮುಟ್ಟಲ್ಲ,” ಎಂದ. ಅವನ ಬಾಯಲ್ಲಿ ಇಷ್ಟುದ್ದ ಮಾತು ಬಂದದ್ದೇ ಅಪರೂಪ, ನಾನು ನಂಬಿದೆ. ದೂರು ಮಾತ್ರ ಬರೆದು ಕೊಟ್ಟೆ. ಮ್ಯಾನೇಜರ್ ಓದಿ, “ಮೆಣಸಿನಕಾಯಿ, ಅಷ್ಟು ಕಹಿಯಾಗಿ ಯಾರಮ್ಮಾ ಒತ್ತುತ್ತಾರೆ ನಿನ್ನ ಬಿಟ್ಟು? ಮುಂದಿನ ಸಲ ನೋಡೋಣ,” ಎಂದ. ಅವನ ಮುಂದಿನ ಸಲಕ್ಕೆ ಕಾದವರ ತಲೆ ನರೆಯಿತು.

ಇತ್ತ ಕತ್ತರಿಯ ಮನೆಯಲ್ಲಿ ಬೇರೆ ಕತ್ತರಿ ಆಡುತ್ತಿತ್ತು. ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಅಕ್ಕನ ಮಂಚ, ಮೂಲೆಯಲ್ಲಿ ಅವಳ ಮಲದ ಪಾತ್ರೆ. ಹೆಂಡತಿಗೆ ತಿಂಗಳು ತುಂಬುತ್ತಿತ್ತು. “ತೊಟ್ಟಿಲು ಎಲ್ಲಿ ಕಟ್ಟೋಣ, ನನ್ನ ತಲೆ ಮೇಲಾ?” ಎಂದು ಅವಳು ಕೇಳಿದ್ದರಲ್ಲಿ ನ್ಯಾಯ ಇತ್ತು. ಈ ಸುದ್ದಿ ಮ್ಯಾನೇಜರ್ ಕಿವಿಗೆ ಬಿತ್ತು. ಅವನು ಸಂಸ್ಥೆಯವರಿಗೆ ಹೇಳಿದ. ಅವರು, ನಿಮ್ಮ ಹುಡುಗನ ಅಕ್ಕನಿಗೆ ನಮ್ಮ ಹೊಸ ಕೇಂದ್ರದಲ್ಲಿ ಮೊದಲ ಹಾಸಿಗೆ, ಕಾಯುವ ಹಾಗೇ ಇಲ್ಲ ಎಂದರು. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು! ರೋಗಿಯೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಹಾಲು.

ಅಕ್ಕನನ್ನು ಕೇಳಿದರೆ ಒಲ್ಲೆ ಎನ್ನುತ್ತಾಳೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಹಿಂದೊಮ್ಮೆ ಮಾತು ತೆಗೆದಾಗ ಅವಳ ಫೋನು, “ಎಳೆಯದರಲ್ಲಿ ನಿನ್ನನ್ನ ಎಲ್ಲಿಗಾದ್ರೂ ಸೇರಿಸಿ ಕೈ ತೊಳ್ಕೊಂಡೆನೇನೋ ನಾನು?” ಎಂದು ಬೀದಿಗೆ ಕೇಳುವಂತೆ ಕೂಗಿತ್ತು. ಆದ್ದರಿಂದ ಈ ಸಲ ಕೇಳಲಿಲ್ಲ. “ಆ್ಯಪ್ ಉದ್ಘಾಟನೆ ಇದೆ ಅಕ್ಕ. ಮೊದಲು ಬಳಸಿದವಳು ನೀನು. ಬಂದು ತೋರಿಸ್ಬೇಕು,” ಎಂದ ತಮ್ಮ. ಅಕ್ಕ ಹಿಗ್ಗಿಹೋದಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಸಿಕೊಂಡಳು, ಕೂದಲು ಬಾಚಿಸಿಕೊಂಡಳು. ಅವಳ ಫೋನು ಒಯ್ಯುವಂತಿರಲಿಲ್ಲ. ಕೇಂದ್ರದಲ್ಲಿ ಕೇಂದ್ರದ ಫೋನೇ ಆಗಬೇಕು. ತಮ್ಮ ಹೊಸ ಫೋನನ್ನು ಅವಳ ಕೊರಳಿಗೆ ನೇತುಹಾಕಿ, “ಇದು ಚಿಕ್ಕದು, ಬೇಗ ಮಾತಾಡುತ್ತೆ,” ಎಂದ. ಹಳೆಯದು ಅವಳ ದಿಂಬಿನ ಕೆಳಗೆ ಉಳಿಯಿತು.

ಆ್ಯಪ್ ಜೋಡಿಸಿಕೊಡಲು ನಾನು, ಮ್ಯಾನೇಜರ್ ಅವರು ಹೊರಟ ಕಾರಿನಲ್ಲೇ ಇದ್ದೆವು. ನನಗೂ ಉದ್ಘಾಟನೆ ಎಂದೇ ಹೇಳಿದ್ದರು. ದಾರಿಯಲ್ಲಿ ಅಕ್ಕ ಧೂಳು, ಕಿಟಕಿ, ಬೇಡ ಎಂದು ಒತ್ತಿದಳು. “ಗಾಳಿ ಹಿತವಾಗಿದೆ, ಧನ್ಯವಾದ,” ಎಂದಿತು ಫೋನು. ಅಕ್ಕ ಹುಬ್ಬು ಗಂಟಿಕ್ಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದು ಕತ್ತರಿಸಿದ ಆ್ಯಪು ಎಂದು ನನಗೆ ತಿಳಿಯಿತು. ಕತ್ತರಿಯ ಕಡೆ ನೋಡಿದರೆ ಅವನು ಕಿಟಕಿಯಾಚೆ ನೋಡುತ್ತಿದ್ದ.

ಕೇಂದ್ರ ಹೊಚ್ಚ ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಪ್ರವೇಶ ನೋಡಿಕೊಳ್ಳುವ ಮೇಡಂ ತುಂಬ ಒಳ್ಳೆಯ ಹೆಂಗಸು, ಸಕ್ಕರೆ ತಿಂದ ಬಾಯಿ. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಮೇಜಿನ ಮುಂದೆ ತಂದು ನಿಲ್ಲಿಸಿದೆವು. ಅಕ್ಕ ಮುಗುಳ್ನಗುತ್ತ ಎಡಗೈಯಲ್ಲಿ ಫೋನು ಎತ್ತಿ ಹಿಡಿದಳು, ತೋರಿಸಲೇ ಎನ್ನುವಂತೆ. ಅಷ್ಟರಲ್ಲಿ ಡ್ರೈವರ್ ಕಾರಿನ ಹಿಂದಿನಿಂದ ಒಂದು ಸೂಟ್‌ಕೇಸು ತಂದಿಟ್ಟ. ಅಕ್ಕನದು. ಅವಳ ಮಲದ ಪಾತ್ರೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ಮೇಲಿಟ್ಟ. ಅಕ್ಕ ಅದನ್ನು ನೋಡಿದಳು, ತಮ್ಮನನ್ನು ನೋಡಿದಳು. ಮುಗುಳ್ನಗೆ ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ನಮ್ಮಲ್ಲಿ ಯಾರನ್ನೂ ಬಲವಂತವಾಗಿ ಇಟ್ಕೊಳಲ್ಲ,” ಎಂದರು ಮೇಡಂ. “ಅವರ ಬಾಯಿಂದಲೇ ಒಪ್ಪಿಗೆ ಕೇಳ್ತೀವಿ. ಅಮ್ಮಾ, ಇಲ್ಲಿ ಇರೋದಕ್ಕೆ ನಿಮಗೆ ಒಪ್ಪಿಗೆನಾ?”

ಅಕ್ಕ ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದಳು.

“ತಲೆ ಆಡಿಸೋದನ್ನ ನಾವು ಲೆಕ್ಕಕ್ಕೆ ತಗೊಳಲ್ಲಮ್ಮ. ಸ್ಟ್ರೋಕ್ ಆದವರಿಗೆ ಹೌದು ಇಲ್ಲ ಅದಲು ಬದಲಾಗುತ್ತೆ. ಅದಕ್ಕೇ ಅಲ್ವಾ ಈ ಆ್ಯಪು? ಒತ್ತಿ, ನಿಧಾನಕ್ಕೆ ಒತ್ತಿ.”

ಅಕ್ಕ ಒತ್ತಿದಳು. ಇಲ್ಲಿ. ಬೇಡ. ಬೇಡ.

“ಸದ್ಯಕ್ಕೆ ಏನೂ ಬೇಡ, ಧನ್ಯವಾದ. ನಾನಿಲ್ಲಿ ಆರಾಮಾಗಿದ್ದೀನಿ,” ಎಂದಿತು ಫೋನು.

ಅಕ್ಕ “ಬಾ ಬಾ ಬಾ” ಎಂದು ಕಿರುಚಿದಳು. ಮತ್ತೆ ಒತ್ತಿದಳು: ತಮ್ಮ, ಸುಳ್ಳು, ಕೋಪ.

“ತಮ್ಮ ನನ್ನನ್ನ ಚೆನ್ನಾಗಿ ನೋಡ್ಕೊಂಡಿದ್ದಾನೆ. ಎಲ್ಲರಿಗೂ ಧನ್ಯವಾದ.”

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. “ಮೇಡಂ, ಅದು ಅವರ ಮಾತಲ್ಲ! ಅವರು ಇರಲ್ಲ ಅಂತಿದ್ದಾರೆ. ಈ ಆ್ಯಪಿಗೆ ಒಲ್ಲೆ ಅನ್ನೋಕೆ ಬರಲ್ಲ!”

ಮ್ಯಾನೇಜರ್ ನನ್ನ ಕಾಲು ತುಳಿದ. ಮೇಡಂ ಮುಖ ಗಂಭೀರವಾಯಿತು. “ನೀವೇ ಮಾರೋಕೆ ಬಂದಿರೋ ಆ್ಯಪು. ನೀವೇ ಸುಳ್ಳು ಹೇಳುತ್ತೆ ಅಂತೀರಾ? ಹಾಗಾದ್ರೆ ನಾವು ಇದನ್ನ ಯಾಕೆ ತಗೋಬೇಕು?” ಆಮೇಲೆ ಕತ್ತರಿಯ ಕಡೆ ತಿರುಗಿದರು. “ಮಾಡಿದವರು ನೀವು. ತಮ್ಮನೂ ನೀವು. ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಸರಿಯಾಗಿ ಹೇಳಿತಾ ಇದು?”

ಅಕ್ಕ ಫೋನು ಕೆಳಗಿಟ್ಟು ತಮ್ಮನ ಮುಖವನ್ನೇ ನೋಡಿದಳು. ಇವನಿದ್ದಾನಲ್ಲ, ಇವನು ಹೇಳುತ್ತಾನೆ ಎಂಬ ಧೈರ್ಯ ಅವಳ ಕಣ್ಣಲ್ಲಿ ಇನ್ನೂ ಇತ್ತು. ಅದನ್ನು ನಾನು ಕಂಡೆ, ಕಾಣದಿದ್ದರೆ ಚೆನ್ನಾಗಿತ್ತು.

“ಸರಿಯಾಗೇ ಹೇಳಿದೆ,” ಎಂದ ಕತ್ತರಿ.

ಮ್ಯಾನೇಜರ್ ಉಸಿರು ಬಿಟ್ಟ. ಮೇಡಂ ತೋರಿಸಿದ ಕಡೆಯೆಲ್ಲ ಕತ್ತರಿ ಸಹಿ ಹಾಕಿ ಬಾಗಿಲ ಕಡೆ ಹೊರಟ. ಆಗ ಅಕ್ಕ ಎಡಗೈ ಮುಷ್ಟಿ ಬಿಗಿದು ಮೇಜಿಗೆ ಒಂದು ಏಟು ಹಾಕಿದಳು. ಒಂದೇ ಒಂದು. ಕತ್ತರಿಯ ಕಾಲು ಇದ್ದಲ್ಲೇ ನಿಂತಿತು. ಅವನು ನಿಲ್ಲಿಸಿದ್ದಲ್ಲ, ಎಳೆಯ ಪ್ರಾಯದಿಂದ ಆ ಸದ್ದಿಗೆ ನಿಂತು ರೂಢಿಯಾದ ಕಾಲು ತಾನೇ ನಿಂತಿತು. ಅಕ್ಕ ತಡೆದು ಇನ್ನೊಂದು ಹಾಕಿದಳು. ಮತ್ತೆ ತಡೆದು ಇನ್ನೊಂದು. ಎಲ್ಲವೂ ಒಂಟಿ ಏಟುಗಳೇ. ನಿಲ್ಲಿಸು. ನಿಲ್ಲಿಸು. ನಿಲ್ಲಿಸು.

“ಪಾಪ, ಖುಷಿಗೆ ತಾಳ ಹಾಕ್ತಿದ್ದಾರೆ,” ಎಂದರು ಮೇಡಂ.

ಕತ್ತರಿ ಕಾಲೆತ್ತಿ ನಡೆದ. ಕಾರು ಹತ್ತುವವರೆಗೂ ಆ ಸದ್ದು ನಮಗೆ ಕೇಳುತ್ತಿತ್ತು. “ಥೂ ನಿನ್ನ,” ಎಂದೆ ನಾನು, ಕಾರಿನಲ್ಲಿ ಅವನ ಮುಖಕ್ಕೇ.

ಗಂಡು ಮಗು ಹುಟ್ಟಿತು. ಅಕ್ಕನ ಮಂಚ ಇದ್ದ ಜಾಗದಲ್ಲಿ ತೊಟ್ಟಿಲು ಬಂತು. ಆಫೀಸಿನವರು ಕತ್ತರಿಗೆ ಒಂದು ಫಲಕ ಕೊಟ್ಟರು, ಅವನ ಕೆಲಸಕ್ಕೆ ತಕ್ಕಂತೆ ಅಂಗೈಯಗಲದ್ದು. ನನ್ನನ್ನು ಲೆಕ್ಕದ ಆ್ಯಪ್ ನೋಡಿಕೊಳ್ಳುವ ಕಡೆಗೆ ಹಾಕಿದರು. ಅಲ್ಲಿ ಯಾರಿಗೂ ಬಾಯಿ ಹೋಗುವ ಭಯವಿಲ್ಲವಲ್ಲ.

ನಾನು ಒಂದು ಭಾನುವಾರ ಕೇಂದ್ರಕ್ಕೆ ಹೋದೆ. ನನ್ನ ಸ್ವಂತ ಫೋನಿನಲ್ಲಿ ಹಳೆಯ, ಆನೆ ಗಾತ್ರದ ಆ್ಯಪನ್ನು ಹಾಕಿಕೊಂಡು ಹೋಗಿದ್ದೆ. ಉದ್ದನೆಯ ಕೋಣೆ, ಸಾಲು ಹಾಸಿಗೆ. ಅಲ್ಲೊಂದು ಇಲ್ಲೊಂದು ಫೋನು, “ಊಟ ರುಚಿಯಾಗಿದೆ,” “ಪರವಾಗಿಲ್ಲ, ಧನ್ಯವಾದ,” ಎನ್ನುತ್ತಿತ್ತು. ಒಬ್ಬ ಮುದುಕ ಅಳುತ್ತ ಅಳುತ್ತ ಒತ್ತುತ್ತಿದ್ದ, ಅವನ ಫೋನು ಶುಭೋದಯ ಹೇಳುತ್ತಿತ್ತು. ಅಕ್ಕ ಬಡವಾಗಿದ್ದಳು. ಅವಳ ಬೆನ್ನಿನ ಹುಣ್ಣು ನೋಡಿ ನಾನು ಆಯಾಳ ಮೇಲೆ ಹರಿಹಾಯ್ದೆ. “ಕೇಳಿದಾಗೆಲ್ಲ ಪರವಾಗಿಲ್ಲ ಅಂತಾರಲ್ಲಮ್ಮ,” ಎಂದಳು ಆಯಾ. ಅವಳ ಮಾತೂ ನಿಜವೇ.

ನನ್ನ ಫೋನು ಅಕ್ಕನ ಕೈಗೆ ಕೊಟ್ಟೆ. ಮನಸ್ಸಾರೆ ಬೈಯಲಿ, ಇಡೀ ಕೋಣೆ ಕೇಳಲಿ ಎಂದುಕೊಂಡಿದ್ದೆ. ಅಕ್ಕ ಬೈಯಲಿಲ್ಲ. ಬಹಳ ಹೊತ್ತು ಪದಗಳನ್ನು ಹುಡುಕಿ ಒತ್ತಿದಳು. ಫೋನು ಅವಳದೇ ಗತ್ತಿನಲ್ಲಿ ಕೇಳಿತು: “ನಿಜ ಹೇಳೇ. ನಾನು ಒಲ್ಲೆ ಅಂದದ್ದು ನನ್ನ ತಮ್ಮಂಗೆ ಗೊತ್ತಾಗಿತ್ತಾ ಆವತ್ತು?”

ಗೊತ್ತಿರಲಿಲ್ಲ ಅಕ್ಕ, ಪಾಪ, ಅವನೂ ಮೋಸ ಹೋದ ಎಂದುಬಿಡಬಹುದಿತ್ತು. ನನ್ನ ಬಾಯಿಗೆ ಅಂಥ ನಯ ಬಾರದು.

“ಗೊತ್ತಿತ್ತು,” ಎಂದೆ.

ಅಕ್ಕ ತಲೆಯಾಡಿಸಿದಳು. ಆ ತಲೆಯಾಡಿಕೆಯಲ್ಲಿ ಅದಲು ಬದಲು ಏನೂ ಇರಲಿಲ್ಲ. ಫೋನನ್ನು ನನ್ನ ಕೈಗೇ ವಾಪಸು ಕೊಟ್ಟಳು. ಆಮೇಲೆ ಎಷ್ಟು ಸಲ ಕೊಟ್ಟರೂ ಮುಟ್ಟಲಿಲ್ಲ.

ಕತ್ತರಿ ಬರುವುದನ್ನು ಬಿಟ್ಟಿರಲಿಲ್ಲ. ಒಂದು ಸಲ ನಾನಿದ್ದಾಗಲೇ ಬಂದ. ಹಣ್ಣು ಇಟ್ಟ, ಮಗುವಿನ ಫೋಟೋ ತೋರಿಸಿದ. ಅಕ್ಕ ಫೋಟೋ ನೋಡಿದಳು, ಅವನನ್ನು ನೋಡಲಿಲ್ಲ. ಅಷ್ಟರಲ್ಲಿ ಅವನ ಹೆಂಡತಿಯ ಕರೆ ಬಂತು. “ಹೇಗಿದ್ದಾರೆ ಅಕ್ಕ? ಒಂದು ಮಾತು ಆಡ್ಸಿ ಅವರ ಹತ್ರ,” ಎಂಬ ದನಿ ನನಗೂ ಕೇಳಿಸಿತು. ಕತ್ತರಿ ಅಕ್ಕನ ಕೊರಳಲ್ಲಿ ನೇತಾಡುತ್ತಿದ್ದ ಕೇಂದ್ರದ ಫೋನನ್ನು ಅವಳ ಮುಂದೆ ಹಿಡಿದ. ಅಕ್ಕ ಕೈ ಎತ್ತಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಹೆಬ್ಬೆರಳಿನಿಂದ ಒಂದು ಪದ ಒತ್ತಿದ. ಯಾವುದು ಒತ್ತಿದರೆ ಏನು ಬರುತ್ತದೆಂದು ಅವನಿಗೆ ಬಾಯಿಪಾಠ. ಅವನು ಒತ್ತಿದ್ದು ‘ಬೇಡ’.

“ಸದ್ಯಕ್ಕೆ ಏನೂ ಬೇಡ, ಧನ್ಯವಾದ. ನಾನಿಲ್ಲಿ ಆರಾಮಾಗಿದ್ದೀನಿ.”

“ಅಯ್ಯೋ, ಎಷ್ಟು ಸ್ಪಷ್ಟವಾಗಿ ಮಾತಾಡ್ತಾರೆ!” ಎಂದಳು ಆಚೆಯಿಂದ ಹೆಂಡತಿ.

ಆಗ ಅಕ್ಕ ಅವನ ಕಡೆ ತಿರುಗಿದಳು. ಎಡಗೈ ಎತ್ತಿ ಮಂಚದ ಕಬ್ಬಿಣದ ಪಟ್ಟಿಗೆ ಬಡಿದಳು. ಎರಡು ಏಟು, ಒಂದರ ಹಿಂದೆ ಒಂದು. ಕತ್ತರಿ ಕೇಳದವನಂತೆ ಹಣ್ಣು ಸುಲಿಯಲು ಹೋದ. ಅಕ್ಕ ಮತ್ತೆ ಎರಡು ಬಡಿದಳು, ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಬಡಿಯುತ್ತಿದ್ದಷ್ಟೇ ಜೋರಾಗಿ. ಅವನು ಹಣ್ಣು ಕೆಳಗಿಟ್ಟ, ಬ್ಯಾಗು ಹೆಗಲಿಗೆ ಹಾಕಿಕೊಂಡ, ಹೊರಟ.